ಕ್ಯಾಪ್ಟನ್ ನನ್ನನ್ನು ಹೊರಗೆ ಕಳಿಸಿದ ದಿನ

ಸಾವಿರದ ಒಂಬೈನೂರ ಎಂಟರಲ್ಲಿ ಕ್ಯಾಲ್ಡರ್ ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ ನಾವಿದ್ದದ್ದು ಹದಿಮೂರೇ ಜನ. ಮೈದಾನಕ್ಕೆ ಇಳಿಯಲು ಹನ್ನೊಂದು ಜನ ಬೇಕು. ಉಳಿದಿಬ್ಬರಲ್ಲಿ ಒಬ್ಬ ಸೆಪ್ಟೆಂಬರಿನಲ್ಲೇ ಹೆಗಲ ಮೂಳೆ ಮುರಿದುಕೊಂಡು ಊರಿಗೆ ಹೋದ. ಇನ್ನೊಬ್ಬ ಓರಿನ್ ಫ್ಲಿಂಟ್. ಪಾದ್ರಿಯಾಗಲೆಂದು ಓದುತ್ತಿದ್ದ, ಕಡ್ಡಿಯಂಥ ಆಳು. ಕನ್ನಡಕ ತೆಗೆದರೆ ಗೋಲುಕಂಬ ಯಾವುದು, ಮರ ಯಾವುದು ಅವನಿಗೆ ತಿಳಿಯುತ್ತಿರಲಿಲ್ಲ. ಅವನು ತಂಡದಲ್ಲಿದ್ದದ್ದು ಆಟದ ಮೇಲಿನ ಆಸೆಗೆ. ನಾವು ಅವನನ್ನು ಇಟ್ಟುಕೊಂಡದ್ದು ಬೇರೆ ಗತಿಯಿಲ್ಲದೆ.

ನಾನು ಆಕ್ಸೆಲ್ ಬೋರ್ಗ್. ಆಗ ನನಗೆ ಹತ್ತೊಂಬತ್ತು ತುಂಬಿತ್ತು. ಊರಿನಿಂದ ಏಳು ಮೈಲಿ ದೂರದಲ್ಲಿ ನಮ್ಮ ಹೊಲ. ನಮ್ಮ ಸುತ್ತಮುತ್ತಲಿನವರೆಲ್ಲ ಸ್ವೀಡನ್ನಿನಿಂದ ಅಮೆರಿಕದ ಅಯೋವಕ್ಕೆ ಬಂದು ನೆಲೆಸಿದವರೇ. ಅಪ್ಪನಿಗೆ ಇಂಗ್ಲಿಷ್ ಬರುತ್ತಿದ್ದದ್ದು ದನದ ಸಂತೆಗೆ ಸಾಲುವಷ್ಟು ಮಾತ್ರ. ನಾನು ಕಾಲೇಜಿನಲ್ಲಿ ಚೆಂಡಾಡುತ್ತೇನೆ ಎಂದು ಗೊತ್ತಾದ ದಿನ ಅವನು ಊಟದ ಮೇಜಿನ ಮೇಲೆ ಚಮಚ ಕುಕ್ಕಿದ.

"ಹುಚ್ಚರ ಕುಸ್ತಿ ಅದು! ಹಂದಿ ಚರ್ಮದ ಚೆಂಡು ತಬ್ಕೊಂಡು ಓಡೋದಂತೆ, ಹತ್ತು ಜನ ಮೇಲೆ ಬಿದ್ದು ತುಳಿಯೋದಂತೆ. ಇಲ್ಲಿ ಮುಸುಕಿನ ಜೋಳ ನಿಂತಿದೆ. ತೆನೆ ಯಾರು ಮುರೀತಾರೆ, ನಿನ್ನ ಕ್ಯಾಪ್ಟನ್ನಾ?"

ಅಪ್ಪನ ಮಾತಿನಲ್ಲಿ ತಪ್ಪಿರಲಿಲ್ಲ. ಅಕ್ಟೋಬರ್ ಬಂತೆಂದರೆ ನಮ್ಮ ಕಡೆ ಎಲ್ಲರ ಕೈಯೂ ಜೋಳದ ಹೊಲದಲ್ಲೇ. ತೆನೆ ಮುರಿದು, ಸಿಪ್ಪೆ ಸುಲಿದು, ಗಾಡಿಗೆ ಎಸೆಯಬೇಕು. ಬೆಳಗಿನ ಮಂಜಿನಲ್ಲಿ ಶುರುವಾದ ಕೆಲಸ ಕತ್ತಲಾದರೂ ಮುಗಿಯದು. ಶನಿವಾರದ ಪಂದ್ಯಕ್ಕೆ ನಾನು ಹೋದರೆ ಒಂದು ದಿನದ ಗಾಡಿ ಖಾಲಿ.

ನನಗಿಂತ ಎರಡು ವರ್ಷಕ್ಕೆ ದೊಡ್ಡವಳಾದ ಹುಲ್ಡಕ್ಕ ಆಲೂಗಡ್ಡೆ ಬಡಿಸುತ್ತ, ತಲೆ ಎತ್ತದೆ ಹೇಳಿದಳು: "ಶನಿವಾರದ ಅವನ ಸಾಲು ನಾನು ಮುಗಿಸ್ತೀನಿ. ಅಪ್ಪ, ಊಟ ಮಾಡು."

"ನಿನ್ನ ಸಾಲು?"

"ನಂದೂ ಮುಗಿಸ್ತೀನಿ."

ಆ ಶರತ್ಕಾಲದ ಏಳು ಶನಿವಾರವೂ ಅವಳು ಎರಡಾಳಿನ ಕೆಲಸ ಮಾಡಿದಳು. ಅವಳ ಬೆರಳ ತುದಿಗಳು ಒಡೆದು ರಕ್ತ ಬರುತ್ತಿತ್ತು. ಸಂಜೆ ಕುರಿಕೊಬ್ಬು ಸವರಿ ಬಟ್ಟೆ ಸುತ್ತಿಕೊಳ್ಳುತ್ತಿದ್ದಳು. ನಾನು ಅದನ್ನು ನೋಡಿಯೂ ನೋಡದವನಂತೆ ಇರುತ್ತಿದ್ದೆ. ಹತ್ತೊಂಬತ್ತರ ವಯಸ್ಸಿನಲ್ಲಿ, ಮನೆಯವರು ಕೊಟ್ಟದ್ದೆಲ್ಲ ನಮ್ಮದೇ ಹಕ್ಕು ಅನ್ನಿಸುತ್ತದೆ.

ನಮ್ಮ ಕ್ಯಾಪ್ಟನ್ ಗೋಮರ್ ಪ್ರಿಚರ್ಡ್. ದಕ್ಷಿಣದ ಕಲ್ಲಿದ್ದಲು ಗಣಿಗಳ ಕಡೆಯವನು, ವೇಲ್ಸ್‌ನಿಂದ ಬಂದ ವೆಲ್ಷ್ ಮನೆತನ. ಹನ್ನೆರಡನೆಯ ವಯಸ್ಸಿಗೆ ನೆಲದಡಿಗೆ ಇಳಿದವನು ಇಪ್ಪತ್ತಮೂರಕ್ಕೆ ಮೇಲೆ ಬಂದು, ಪುಸ್ತಕ ಹಿಡಿದು, ಕಾಲೇಜು ಸೇರಿದ್ದ. ಈಗ ಇಪ್ಪತ್ತಾರು. ಕಾಲೇಜಿನ ಬಾಯ್ಲರ್ ಕೋಣೆಯಲ್ಲಿ ಬೆಳಿಗ್ಗೆ ಸಂಜೆ ಕಲ್ಲಿದ್ದಲು ಎತ್ತಿಹಾಕಿ ಊಟ ವಸತಿಯ ಖರ್ಚು ತಾನೇ ದುಡಿದುಕೊಳ್ಳುತ್ತಿದ್ದ. ಕುಳ್ಳ, ಅಗಲ, ಹುಬ್ಬಿನ ಮೇಲೆ ಗಣಿಯ ನೀಲಿ ಗಾಯದ ಗುರುತು. ನಾವೆಲ್ಲ ಅವನನ್ನು ತಾತ ಎಂದು ಕರೆಯುತ್ತಿದ್ದೆವು.

"ತಾತ, ಮೊಣಕಾಲು ನೋವಾ? ಕೋಲು ತರಲಾ?" ಎಂದು ನಾನು ಛೇಡಿಸಿದರೆ, "ತಗೊಂಡು ಬಾ, ನಿನ್ನ ಬೆನ್ನಿಗೇ ಬೇಕಾಗತ್ತೆ" ಎನ್ನುತ್ತಿದ್ದ.

ನಮ್ಮ ಫುಟ್‌ಬಾಲು ಕಾಲಿಗಿಂತ ಹೆಚ್ಚಾಗಿ ಹೆಗಲಿನ ಆಟ. ಚೆಂಡನ್ನು ಕಂಕುಳಿಗೆ ಅವುಚಿಕೊಂಡು ಎದುರಾಳಿಗಳ ಗೋಡೆಯನ್ನು ಸೀಳಿ ಓಡಬೇಕು. ಮೂರು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗದಿದ್ದರೆ ಚೆಂಡು ಅವರದಾಗುತ್ತದೆ. ಗೋಮರ್ ಸಾಲಿನ ನಡುವೆ ನಿಂತು ಗೋಡೆಯಲ್ಲಿ ಸಂದು ಮಾಡುತ್ತಿದ್ದ, ಆ ಸಂದಿನಲ್ಲಿ ನಾನು ನುಗ್ಗುತ್ತಿದ್ದೆ. ಹೆಸರು ಬರುತ್ತಿದ್ದದ್ದು ನನಗೆ. ಕಂಬಗಳ ನಡುವೆ ಚೆಂಡು ಒದೆಯುವವನೂ ನಾನೇ. ಅಂಥ ಒಂದು ಒದೆತಕ್ಕೆ ಆಗ ನಾಲ್ಕು ಅಂಕ. ಚರ್ಮದ ಟೋಪಿ ಹಾಕಿಕೊಳ್ಳೋ ಎಂದು ಗೋಮರ್ ಎಷ್ಟು ಸಲ ಹೇಳಿದರೂ ನಾನು ಕೇಳಲಿಲ್ಲ. ಅದು ಹೆದರುಪುಕ್ಕಲರಿಗೆ ಎಂದು ನಾವು ನಂಬಿದ್ದ ಕಾಲ ಅದು.

ಕೋಚ್ ಟಾಲಿವರ್ ಪೂರ್ವದ ಯಾವುದೋ ದೊಡ್ಡ ಕಾಲೇಜಿನಲ್ಲಿ ಆಡಿ ಬಂದವರು. ಸದಾ ಇಸ್ತ್ರಿ ಮಾಡಿದ ಕಾಲರು, ಕೈಯಲ್ಲಿ ಗಡಿಯಾರ. ಆಟ ಬಲ್ಲವರು, ಅದರಲ್ಲಿ ಎರಡು ಮಾತಿಲ್ಲ. ಸೋಲು ಮಾತ್ರ ಅವರ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಆ ವರ್ಷ ಇಳಿಯುವ ಪ್ರಮೇಯವೂ ಬರಲಿಲ್ಲ. ಮೊದಲ ಪಂದ್ಯದಲ್ಲಿ ಶಿಕ್ಷಕರ ತರಬೇತಿ ಶಾಲೆಯವರನ್ನು ಹೊಡೆದೆವು. ಎರಡನೆಯದನ್ನು ಮೊಣಕಾಲುದ್ದ ಕೆಸರಿನಲ್ಲಿ ಆಡಿದೆವು. ಮುಗಿದಾಗ ಯಾರು ನಮ್ಮವರು ಯಾರು ಅವರವರು ಗೊತ್ತಾಗದೆ ಓರಿನ್ ಎದುರಾಳಿಯೊಬ್ಬನ ಕೈಗೆ ನೀರಿನ ಚೊಂಬು ಕೊಟ್ಟು "ಚೆನ್ನಾಗಿ ಆಡ್ದೆ ಕಣೋ ಆಕ್ಸೆಲ್" ಎಂದು ಬೆನ್ನು ತಟ್ಟಿದ್ದ. ಕುದುರೆಗಳ ನೀರುತೊಟ್ಟಿಯಲ್ಲಿ ತಲೆ ಅದ್ದಿ ತೊಳೆದುಕೊಂಡೆವು. ನಾಲ್ಕನೆಯ ಪಂದ್ಯಕ್ಕೆ ರೈಲಿನಲ್ಲಿ ಹೋದೆವು. ವಾಪಸು ಬರುವಾಗ ಗೋಮರ್ ವೆಲ್ಷ್ ಭಜನೆಯೊಂದನ್ನು ಎತ್ತಿಕೊಂಡ. ಪದ ಗೊತ್ತಿಲ್ಲದ ನಾವೆಲ್ಲ ಗುಂಯ್‌ಗುಟ್ಟುತ್ತಲೇ ದನಿ ಸೇರಿಸಿದೆವು. ಟಿಕೆಟ್ ನೋಡುವವನು ಬಂದು ಬಾಗಿಲಲ್ಲೇ ಟೋಪಿ ತೆಗೆದು ನಿಂತ. ನನ್ನ ಬದುಕಿನಲ್ಲಿ ಅಷ್ಟು ನಿಶ್ಚಿಂತೆಯ ಗಂಟೆಗಳು ಹೆಚ್ಚಿಲ್ಲ. ಮೈಯೆಲ್ಲ ನೋವು, ಹೊಟ್ಟೆ ತುಂಬ ಬೀನ್ಸು ಮತ್ತು ಬ್ರೆಡ್ಡು, ಪಕ್ಕದಲ್ಲಿ ಹನ್ನೊಂದು ಗೆಳೆಯರು.

ನವೆಂಬರಿನ ಕೊನೆಗೆ ಏಳು ಪಂದ್ಯ ಆಡಿದ್ದೆವು. ಆರು ಗೆಲುವು, ಒಂದು ಸಮ. ಉಳಿದದ್ದು, ಸುಗ್ಗಿ ಮುಗಿದ ಮೇಲೆ ಕೃತಜ್ಞತೆ ಹೇಳುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಧ್ಯಾಹ್ನ ನಮ್ಮದೇ ಮೈದಾನದಲ್ಲಿ ಮಾರ್ಬರಿ ಕಾಲೇಜಿನ ಮೇಲಿನ ಪಂದ್ಯ ಒಂದೇ. ಮಾರ್ಬರಿಯವರನ್ನು ಕ್ಯಾಲ್ಡರ್ ಹನ್ನೊಂದು ವರ್ಷದಿಂದ ಸೋಲಿಸಿರಲಿಲ್ಲ. ಊರಿನ ಕ್ಷೌರಿಕನಿಂದ ಹಿಡಿದು ಬ್ಯಾಂಕಿನವರ ತನಕ ಎಲ್ಲರೂ ನನ್ನನ್ನು ರಸ್ತೆಯಲ್ಲಿ ನಿಲ್ಲಿಸಿ ಕೈ ಕುಲುಕುತ್ತಿದ್ದರು.

ಜೋಳದ ಕೆಲಸ ಆಗಲೇ ಮುಗಿದಿತ್ತು. ಹುಲ್ಡಕ್ಕ ಅಪ್ಪನನ್ನು ಹೇಗೆ ಒಪ್ಪಿಸಿದಳೋ, ಆ ದಿನ ಇಬ್ಬರೂ ಕುದುರೆಗಾಡಿ ಕಟ್ಟಿಕೊಂಡು ಬಂದು ಮೈದಾನದ ಹಗ್ಗದ ಪಕ್ಕ ನಿಂತರು. ಅಪ್ಪ ಚರ್ಚಿಗೆ ಹಾಕುವ ಕಪ್ಪು ಕೋಟು ಹಾಕಿದ್ದ, ಶವಸಂಸ್ಕಾರಕ್ಕೆ ಬಂದವನಂತೆ ಮುಖ ಮಾಡಿಕೊಂಡಿದ್ದ.

ಇಲ್ಲಿಂದ ಮುಂದಿನದು ನನ್ನ ನೆನಪಿನಲ್ಲಿರುವುದು ಅರ್ಧ ಮಾತ್ರ. ಉಳಿದದ್ದನ್ನು ಹುಲ್ಡಕ್ಕ ಮತ್ತು ಓರಿನ್ ಹೇಳಿದಂತೆ ಹೇಳುತ್ತೇನೆ.

ನೆಲ ಹೆಪ್ಪುಗಟ್ಟಿ ಕಲ್ಲಾಗಿತ್ತು. ಮೊದಲರ್ಧದಲ್ಲಿ ಮಾರ್ಬರಿಯವನೊಬ್ಬ ಕಂಬಗಳ ನಡುವೆ ಒದ್ದು ನಾಲ್ಕು ಅಂಕ ಗಳಿಸಿದ. ನಮ್ಮದು ಸೊನ್ನೆ. ಎರಡನೆಯ ಅರ್ಧದಲ್ಲಿ ನಾವು ಅಂಗುಲ ಅಂಗುಲವಾಗಿ ಅವರನ್ನು ಹಿಂದಕ್ಕೆ ದಬ್ಬಿದೆವು. ಆಟ ಮುಗಿಯಲು ಹದಿನೈದು ನಿಮಿಷ ಇದ್ದಾಗ ನಾನು ಚೆಂಡು ಹಿಡಿದು ಎಡಕ್ಕೆ ಓಡಿದೆ. ಇಬ್ಬರು ಕಾಲಿಗೆ ಬಿದ್ದರು, ಒಬ್ಬ ಎದೆಗೆ. ನನ್ನ ತಲೆ ಕಿವಿಯ ಮೇಲ್ಗಡೆ ನೆಲಕ್ಕೆ ಬಡಿದ ಸದ್ದು ಹಗ್ಗದ ತನಕ ಕೇಳಿಸಿತು ಎಂದು ಹುಲ್ಡಕ್ಕ ಹೇಳುತ್ತಾಳೆ.

ನಾನು ಎದ್ದೆ. ನಕ್ಕೆನಂತೆ. ಜನ ಚಪ್ಪಾಳೆ ತಟ್ಟಿದರು.

"ತಾತ, ಇದು ಎಷ್ಟನೇ ಪ್ರಯತ್ನ?" ಎಂದು ಕೇಳಿದೆ.

"ಎರಡನೇದು."

ಮುಂದಿನ ಸಲ ಚೆಂಡು ಹಿಡಿದು ಆರು ಗಜ ಓಡಿದೆ, ಏನೂ ಆಗದವನಂತೆ. ಎದ್ದು ಬಂದು ಮತ್ತೆ, "ತಾತ, ಎಷ್ಟನೇ ಪ್ರಯತ್ನ?"

"ಹತ್ತು ಗಜ ಆಯ್ತಲ್ಲೋ. ಹೊಸದಾಗಿ ಮೊದಲನೇದು."

ನಾವು ಸಾಲಾಗಿ ನಿಂತೆವು. ನಾನು ಅವನ ಬೆನ್ನು ಮುಟ್ಟಿ ಅದೇ ದನಿಯಲ್ಲಿ, ಅದೇ ನಗುವಿನಲ್ಲಿ ಕೇಳಿದೆನಂತೆ: "ತಾತ, ಎಷ್ಟನೇ ಪ್ರಯತ್ನ?"

ಗೋಮರ್ ಎದ್ದು ನಿಂತ. ತಿರುಗಿ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ನೋಡಿದ. ಆಮೇಲೆ ಅಂಪೈರಿಗೆ ಕೈ ಎತ್ತಿ, "ನಮ್ಮ ಆಟಗಾರ ಹೊರಗೆ ಹೋಗ್ತಾನೆ. ಓರಿನ್, ಒಳಗೆ ಬಾ" ಎಂದು ಕೂಗಿದ.

ಆಗಿನ ನಿಯಮದಂತೆ ಒಮ್ಮೆ ಹೊರಗೆ ಹೋದವನು ಆ ಪಂದ್ಯಕ್ಕೆ ಮರಳಿ ಬರುವಂತಿರಲಿಲ್ಲ. ಕೋಚು ಗೆರೆಯಾಚೆಯಿಂದ ಬಾಯಿ ಬಿಡುವಂತೆಯೂ ಇರಲಿಲ್ಲ. ಮೈದಾನದೊಳಗೆ ಕ್ಯಾಪ್ಟನ್ ಹೇಳಿದ್ದೇ ಕೊನೆ. ಆದರೂ ಟಾಲಿವರ್ ತಡೆದುಕೊಳ್ಳಲಾರದೆ ಗೆರೆಯ ತುದಿಗೆ ಓಡಿಬಂದರು.

"ಪ್ರಿಚರ್ಡ್! ತಲೆ ಕೆಟ್ಟಿದೆಯಾ? ಅವನು ಚೆನ್ನಾಗೇ ಓಡ್ತಿದ್ದಾನೆ!"

"ಸಾರ್, ಅಲ್ಲಿಂದ ಮಾತಾಡಿದ್ರೆ ನಮಗೇ ದಂಡ ಬೀಳತ್ತೆ" ಎಂದ ಗೋಮರ್. ಅವನು ಹಿಂತಿರುಗಿ ನೋಡಲೂ ಇಲ್ಲ.

ನನ್ನನ್ನು ತೋಳು ಹಿಡಿದು ಹಗ್ಗದ ಹತ್ತಿರ ಕರೆದುಕೊಂಡು ಹೋದ. ಅಲ್ಲಿ ನಡೆದದ್ದನ್ನು ನಾನು ಎಷ್ಟೋ ವಾರಗಳ ನಂತರ ಕೇಳಿದೆ. ಆ ಮಾತಿಗೆ ಮುಂದೆ ಬರುತ್ತೇನೆ. ಹುಲ್ಡಕ್ಕನಿಗೆ ಅವನು ಹೇಳಿದ್ದು ಇಷ್ಟು: "ಅಕ್ಕಾವ್ರೇ, ಇವನನ್ನ ಈಗಲೇ ಡಾಕ್ಟ್ರಮ್ಮನ ಹತ್ರ ಕರ್ಕೊಂಡು ಹೋಗಿ. ಆಟ ಮುಗೀಲಿ ಅಂತ ಕಾಯ್ಬೇಡಿ. ನಿದ್ದೆ ಬರತ್ತೆ ಅಂತಾನೆ, ಮಲಗೋಕೆ ಬಿಡ್ಬೇಡಿ. ನಗ್ತಾನೆ ಅಂತ ಮೋಸ ಹೋಗ್ಬೇಡಿ."

"ಅಷ್ಟು ಜೋರಾ ಪೆಟ್ಟು?"

"ನನಗೆ ಗೊತ್ತಿಲ್ಲ. ಹೋಗಿ."

ಅವನು ಓಡಿ ಮೈದಾನಕ್ಕೆ ಹೋದ. ಅಪ್ಪ ನನ್ನನ್ನು ಗಾಡಿಗೆ ಹತ್ತಿಸಿದ. ದಾರಿಯಲ್ಲಿ ನಾನು ಹಾಡು ಹೇಳಿದೆ, ಹಬ್ಬದ ಟರ್ಕಿ ಕೋಳಿಯ ಮಾತಾಡಿದೆ, ಆಮೇಲೆ ಗಾಡಿಯ ಅಂಚಿಗೆ ಬಾಗಿ ವಾಂತಿ ಮಾಡಿಕೊಂಡೆ. ಡಾಕ್ಟ್ರಮ್ಮನ ಮನೆಯ ಗೇಟು ಬರುವಷ್ಟರಲ್ಲಿ ಹುಲ್ಡಕ್ಕ ಕೆನ್ನೆಗೆ ಹೊಡೆದರೂ ನಾನು ಕಣ್ಣು ತೆರೆಯಲಿಲ್ಲ.

ಡಾಕ್ಟರ್ ಅಡೀಲಿಯ ಕ್ರೇನ್ ಊರಿಗಿದ್ದ ಇಬ್ಬರು ವೈದ್ಯರಲ್ಲಿ ಒಬ್ಬರು. ಹೆಂಗಸಿನ ಕೈಗೆ ನಾಡಿ ಕೊಡುವುದಿಲ್ಲ ಎನ್ನುತ್ತಿದ್ದ ಗಂಡಸರು ಇನ್ನೂ ಇದ್ದರು. ನಮ್ಮಪ್ಪನೂ ಅವರಲ್ಲಿ ಒಬ್ಬ. ಹಬ್ಬದ ಊಟಕ್ಕೆ ಕೂತಿದ್ದ ಡಾಕ್ಟ್ರಮ್ಮ ಕೈಯಲ್ಲಿದ್ದ ಕರವಸ್ತ್ರ ಬಿಸುಟು ಎದ್ದು ಬಂದರು. ನನ್ನ ರೆಪ್ಪೆ ಎತ್ತಿ ದೀಪ ಹಿಡಿದು ನೋಡಿದರು. ಒಂದು ಕಣ್ಣಿನ ಪಾಪೆ ಇನ್ನೊಂದರ ಎರಡರಷ್ಟಿತ್ತು.

"ತಲೆಬುರುಡೆಯ ಒಳಗೆ ರಕ್ತ ಸುರೀತಿದೆ" ಎಂದರು ಹುಲ್ಡಕ್ಕನಿಗೆ. "ಮೂಳೆಯಲ್ಲಿ ತೂತು ಕೊರೆದು ಅದನ್ನ ಹೊರಗೆ ಬಿಡ್ಬೇಕು. ಈಗಲೇ. ನಾನು ಇದನ್ನ ಒಂದೇ ಸಲ ಮಾಡಿರೋದು. ನಿಮ್ಮ ತಂದೆಗೆ ಹೇಳಿ, ನಿಜ ಹೇಳಿ."

ಹುಲ್ಡಕ್ಕ ನಮ್ಮ ಮಾತಿನಲ್ಲಿ ಅಪ್ಪನಿಗೆ ಹೇಳಿದಳು. ಅಪ್ಪ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ.

"ಆ ಒಂದು ಸಲ ಏನಾಯ್ತು ಅಂತ ಕೇಳು."

"ಆ ಮನುಷ್ಯ ಬದುಕಿದ" ಎಂದರು ಡಾಕ್ಟ್ರಮ್ಮ.

"ಹಾಗಿದ್ರೆ ಇವಳೇ ಮಾಡ್ಲಿ" ಎಂದ ಅಪ್ಪ. ಆಮೇಲೆ ಕೋಟು ಬಿಚ್ಚಿ ಅಂಗಿಯ ತೋಳು ಮಡಿಸಿ, "ದೀಪ ನಾನು ಹಿಡೀತೀನಿ" ಎಂದ.

ಊಟದ ಮೇಜನ್ನು ಖಾಲಿ ಮಾಡಿ ನನ್ನನ್ನು ಅದರ ಮೇಲೆ ಮಲಗಿಸಿದರು. ಅಪ್ಪ ಮುಕ್ಕಾಲು ಗಂಟೆ ಎರಡೂ ಕೈಯಲ್ಲಿ ದೀಪ ಎತ್ತಿ ನಿಂತ. ಬೆಳಕು ಒಂದು ಸಲವೂ ನಡುಗಲಿಲ್ಲವಂತೆ. ಎಲ್ಲ ಮುಗಿದ ಮೇಲೆ ಅವನ ಬೆರಳುಗಳನ್ನು ದೀಪದಿಂದ ಬಿಡಿಸಲು ಹುಲ್ಡಕ್ಕನೇ ಬರಬೇಕಾಯಿತು.

ಅತ್ತ ಮೈದಾನದಲ್ಲಿ ನಾವು ಸೋತೆವು. ಕೊನೆಯ ನಿಮಿಷಗಳಲ್ಲಿ ನಮ್ಮವರು ಗೋಲಿಗೆ ಇಪ್ಪತ್ತು ಗಜ ದೂರದವರೆಗೆ ಹೋಗಿದ್ದರು. ನಾನಿದ್ದಿದ್ದರೆ ಒದೆಯುವ ಜಾಗ ಅದು. ನಾಲ್ಕು ಅಂಕ ಬಂದಿದ್ದರೆ ಸಮವಾಗಿ, ಸೋಲಿಲ್ಲದ ವರ್ಷವಾಗುತ್ತಿತ್ತು. ಒದೆಯುವವರಿಲ್ಲದೆ ಗೋಮರ್ ಚೆಂಡನ್ನು ಓರಿನ್ನನಿಗೆ ಕೊಡಿಸಿದ. ಕಣ್ಣು ಕಾಣದ ಓರಿನ್ ತಲೆ ತಗ್ಗಿಸಿ ಮೂರು ಗಜ ಓಡಿದ. ಆಮೇಲೆ ಮುಂದಕ್ಕೆ ಎಸೆದ ಚೆಂಡು ಯಾರ ಕೈಗೂ ಸಿಗದೆ ನೆಲಕ್ಕೆ ಬಿದ್ದು, ಅದಕ್ಕೆ ದಂಡವಾಗಿ ಹದಿನೈದು ಗಜ ಹಿಂದಕ್ಕೆ ಹೋಗಬೇಕಾಯಿತು. ಅಲ್ಲಿಗೆ ಸೀಟಿ ಕೂಗಿತು.

ಗೋಮರ್ ಬಟ್ಟೆ ಬದಲಿಸದೆ, ರಕ್ತ ಮೆತ್ತಿದ ಮುಖದಲ್ಲೇ ಡಾಕ್ಟ್ರಮ್ಮನ ಮನೆಗೆ ಓಡಿಬಂದ. ಬಾಗಿಲು ತೆರೆದ ಹುಲ್ಡಕ್ಕ, "ಉಸಿರಾಡ್ತಿದ್ದಾನೆ" ಎಂದಳು. ಅವನು ಮೆಟ್ಟಿಲ ಮೇಲೆ ಕೂತು, ಮಂಡಿಗಳ ನಡುವೆ ತಲೆ ಹಾಕಿ, ದನಿ ಬಿಟ್ಟು ಅತ್ತನಂತೆ.

ನಾನು ಮೂರನೆಯ ದಿನ ಸರಿಯಾಗಿ ಎಚ್ಚರಗೊಂಡೆ. ಮೊದಲು ಕೇಳಿದ್ದು, "ಗೆದ್ವಾ?" ಎಂದು.

ಮನೆಗೆ ಕರೆದುಕೊಂಡು ಬಂದು ಆರು ವಾರ ಮಲಗಿಸಿದರು. ನೋಡಲು ಬಂದ ತಂಡದವರು ಹಾಸಿಗೆಯ ಅಂಚಿನಲ್ಲಿ ಕೂತು ಗೊಣಗಿದರು. "ಇಪ್ಪತ್ತು ಗಜ ಕಣೋ. ನೀನು ಕಣ್ಣು ಮುಚ್ಚಿ ಒದೀತಿದ್ದೆ." "ತಾತ ಹೆದರಿಬಿಟ್ಟ." ಊರಿನ ಪತ್ರಿಕೆಯಲ್ಲೂ ಕ್ಯಾಪ್ಟನ್ನನಿಗೆ ಕೊನೆಗಳಿಗೆಯಲ್ಲಿ ಧೈರ್ಯ ಕೈಕೊಟ್ಟಿತು ಎಂದು ಬಂದಿತ್ತು, ಹೇಳಿದವರು ಟಾಲಿವರ್. ವರ್ಷದ ಕೊನೆಯ ತಂಡದ ಔತಣದಲ್ಲಿ ಅವರು ಒಬ್ಬೊಬ್ಬರ ಹೆಸರೂ ಹಿಡಿದು ಹೊಗಳಿದರಂತೆ, ಕ್ಯಾಪ್ಟನ್ನನ ಹೆಸರನ್ನು ಬಿಟ್ಟು. ನಾಚಿಕೆಯಿಂದ ಹೇಳುತ್ತೇನೆ, ಮೊದಲ ಒಂದೆರಡು ವಾರ ನನಗೂ ಒಳಗೊಳಗೆ ಸಿಟ್ಟಿತ್ತು. ಇನ್ನೊಂದು ಹತ್ತು ನಿಮಿಷ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು.

ಏನಾಗುತ್ತಿತ್ತು ಎಂದು ಡಾಕ್ಟ್ರಮ್ಮ ಹೇಳಿದರು. ಬ್ಯಾಂಡೇಜು ಬದಲಿಸಲು ಬಂದಿದ್ದರು. ನಾನು ಆ ಮಾತು ಎತ್ತಿದಾಗ ಕತ್ತರಿ ಕೆಳಗಿಟ್ಟರು.

"ಕೇಳಿಲ್ಲಿ. ಅವತ್ತು ನೀನು ನನ್ನ ಮನೆಗೆ ಬಂದಾಗ ನಾಲ್ಕು ಗಂಟೆ. ಆಟ ಮುಗಿಯೋ ತನಕ ಕಾದಿದ್ರೆ ನಾಲ್ಕೂವರೆ ಆಗ್ತಿತ್ತು. ನಾಲ್ಕೂವರೆಗೆ ಬಂದಿದ್ರೆ ನಾನು ನಿನ್ನ ರೆಪ್ಪೆ ಮುಚ್ಚಿ ನಿಮ್ಮಪ್ಪನಿಗೆ ಸಮಾಧಾನ ಹೇಳ್ತಿದ್ದೆ. ಅಷ್ಟೇ ವ್ಯತ್ಯಾಸ. ಕೊರೆದದ್ದು ನಾನು, ಉಳಿಸಿದ್ದು ಆ ಗಣಿಯವನು."

ಅವರು ಹೋದ ಮೇಲೆ ನಾನು ಕಿಟಕಿಯಾಚೆ ನೋಡುತ್ತ ಬಹಳ ಹೊತ್ತು ಮಲಗಿದ್ದೆ. ಹುಲ್ಡಕ್ಕ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದಳು. ಒದ್ದೆ ಬಟ್ಟೆ ಹಗ್ಗದ ಮೇಲೇ ಹೆಪ್ಪುಗಟ್ಟಿ ಹಲಗೆಯಂತಾಗುತ್ತಿತ್ತು. ಅವಳ ಒಡೆದ ಬೆರಳುಗಳನ್ನು ನಾನು ಅಂದು ಮೊದಲ ಸಲ ನಿಜವಾಗಿ ನೋಡಿದೆ.

ಜನವರಿಯ ನಡುವೆ ಕಾಲೇಜಿಗೆ ಹೋದೆ. ಊಟದ ಮನೆಯಲ್ಲಿ ಗೋಮರ್ ಉದ್ದ ಮೇಜಿನ ತುದಿಯಲ್ಲಿ ಒಬ್ಬನೇ ಕೂತಿದ್ದ. ಅವನ ಎದುರು ಕೂರುತ್ತಿದ್ದದ್ದು ಓರಿನ್ ಒಬ್ಬ. ಉಳಿದವರು ಅವನಿಗೆ ಕೆಟ್ಟದ್ದೇನೂ ಮಾಡಿರಲಿಲ್ಲ. ಮಾತು ನಿಲ್ಲಿಸಿದ್ದರು, ಅಷ್ಟೇ.

ಬುಧವಾರ ಬೆಳಗಿನ ಪ್ರಾರ್ಥನೆಯಲ್ಲಿ ಯಾರು ಬೇಕಾದರೂ ಎದ್ದು ಎರಡು ಮಾತು ಹೇಳಬಹುದಿತ್ತು. ನಾನು ಎಂದೂ ಎದ್ದವನಲ್ಲ. ಆ ಬುಧವಾರ ಎದ್ದೆ. ಬರೆದುಕೊಂಡು ಬಂದಿದ್ದ ಚೀಟಿ ಓದಲಾಗಲಿಲ್ಲ. ತಲೆಯ ಮೇಲಿನ ಉಣ್ಣೆಯ ಟೋಪಿ ತೆಗೆದು, ಬೋಳಿಸಿದ ಜಾಗವನ್ನು ಎಲ್ಲರಿಗೂ ಕಾಣುವಂತೆ ತಿರುಗಿಸಿದೆ. ಅಲ್ಲಿ ನಾಣ್ಯದಗಲದ ಗುಳಿ, ಉಸಿರಿನ ಜೊತೆ ಮೆಲ್ಲಗೆ ಮಿಡಿಯುತ್ತಿತ್ತು.

"ನೋಡಿ" ಎಂದೆ. "ಡಾಕ್ಟ್ರಮ್ಮ ಹೇಳಿದ್ರು, ಅರ್ಧ ಗಂಟೆ ತಡ ಆಗಿದ್ರೆ ಹಬ್ಬದ ಮಾರನೇ ದಿನ ನೀವೆಲ್ಲ ನನ್ನ ಶವಪೆಟ್ಟಿಗೆ ಹೊರ್ತಿದ್ರಿ ಅಂತ. ಸಮ ಆದ ಪಂದ್ಯ, ಮೇಲೆ ಒಂದು ಪೆಟ್ಟಿಗೆ. ಇಷ್ಟು ಜನದಲ್ಲಿ ಅದನ್ನ ಕಂಡವನು ಒಬ್ಬನೇ. ಅವನಿಗೆ ಧೈರ್ಯ ಇರ್ಲಿಲ್ಲ ಅನ್ನೋರು ಇಲ್ಲಿ ಬಂದು ಈ ಗುಳಿ ಮುಟ್ಟಿ ಹೇಳ್ಲಿ."

ಇನ್ನೂ ಹೇಳಬೇಕೆಂದಿದ್ದೆ. ಟೋಪಿ ಹಾಕಿಕೊಂಡು ಕೂತುಬಿಟ್ಟೆ. ಸ್ವಲ್ಪ ಹೊತ್ತಾದ ಮೇಲೆ ನಮ್ಮ ಸಾಲಿನ ಬಲತುದಿಯಲ್ಲಿ ಆಡುತ್ತಿದ್ದ ದಾಂಡಿಗ ಕ್ಲೈಡ್ ವೆಂಡಲ್ ಎದ್ದು, ಹಿಂದಿನ ಬೆಂಚಿಗೆ ನಡೆದುಹೋಗಿ, ಗೋಮರ್ ಪಕ್ಕ ದೊಪ್ಪನೆ ಕೂತ. ಅವನ ಹಿಂದೆ ಇನ್ನೊಬ್ಬ. ಪ್ರಾರ್ಥನೆ ಮುಗಿಯುವ ಹೊತ್ತಿಗೆ ಆ ಬೆಂಚಿನಲ್ಲಿ ಇನ್ನೊಬ್ಬರಿಗೆ ಜಾಗವಿರಲಿಲ್ಲ. ಟಾಲಿವರ್ ಮುಂದಿನ ಸಾಲಿನಲ್ಲಿ ನೆಟ್ಟಗೆ ಕೂತಿದ್ದರು. ಸಂಜೆ ಗೋಮರನ ಹತ್ತಿರ ಹೋಗಿ ಕೈ ಚಾಚಿದರಂತೆ. ಅವರಿಗೂ ಅದು ಸುಲಭವಾಗಿರಲಿಕ್ಕಿಲ್ಲ. ಆ ಒಂದು ಕೆಲಸಕ್ಕೆ ನಾನು ಅವರನ್ನು ಮೆಚ್ಚುತ್ತೇನೆ.

ಹೊರಗೆ ಬರುವಾಗ ಓರಿನ್ ನನ್ನ ತೋಳು ಹಿಡಿದ.

"ಚೆನ್ನಾಗಿ ಹೇಳ್ದೆ. ಅವತ್ತು ಹಗ್ಗದ ಹತ್ರ ನೀನು ಏನ್ಮಾಡ್ದೆ ಅಂತ ನಿಂಗೆ ನೆನಪಿಲ್ಲ, ಅಲ್ವಾ?"

"ಏನ್ಮಾಡ್ದೆ?"

ಓರಿನ್ ಕನ್ನಡಕ ಒರೆಸಿದ. ಸುಳ್ಳು ಹೇಳಲು ಬಾರದವನು. "ಅವನ ಬಾಯಿಗೆ ಗುದ್ದಿದೆ. ಒಂದು ಹಲ್ಲು ಹೋಯ್ತು. 'ಗಣಿ ಹೆಗ್ಗಣ, ಬಿಲಕ್ಕೇ ಹೋಗು' ಅಂದೆ. ಎಲ್ಲರ ಎದುರಿಗೆ."

ನಾನು ನೇರ ಬಾಯ್ಲರ್ ಕೋಣೆಗೆ ಹೋದೆ. ಗೋಮರ್ ಸೊಂಟದ ತನಕ ಬರಿಮೈಯಲ್ಲಿ ಕುಲುಮೆಯ ಬಾಯಿಗೆ ಕಲ್ಲಿದ್ದಲು ಎಸೆಯುತ್ತಿದ್ದ. ನನ್ನನ್ನು ನೋಡಿ ಸಲಿಕೆ ಒರಗಿಸಿದ.

"ಬಾಯಿ ತೆಗಿ" ಎಂದೆ.

"ಏನು?"

"ಬಾಯಿ ತೆಗಿ ತಾತ."

ಅವನಿಗೆ ಅರ್ಥವಾಯಿತು. ನಕ್ಕ. ಮೇಲಿನ ಸಾಲಿನಲ್ಲಿ ಎಡಗಡೆ ಒಂದು ಹಲ್ಲಿರಲಿಲ್ಲ. "ಓರಿನ್ ಹೇಳಿದ್ನಾ? ಅವನು ಪಾದ್ರಿ ಆಗೋಕೇ ಲಾಯಕ್ಕು, ಎಲ್ಲಾ ಒಪ್ಪಿಸಿಬಿಡ್ತಾನೆ."

"ನೀನ್ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಅದು ನೀನಲ್ಲ ಕಣೋ, ಏಟು ಮಾತಾಡಿದ್ದು."

ನಾನು ಕಲ್ಲಿದ್ದಲ ರಾಶಿಯ ಮೇಲೆ ಕೂತು ಅತ್ತೆ. ಅವನು ತಡೆಯಲಿಲ್ಲ. ಅಂಗಿ ಹಾಕಿಕೊಂಡು ಬಂದು ಪಕ್ಕದಲ್ಲಿ ಕೂತ. ತಾನಾಗಿ ಶುರುಮಾಡಿದ.

"ಎಮ್ರಿಸ್ ಅಂತ ಇದ್ದ. ಗಣೀಲಿ ನನ್ನ ಜೊತೆಗಾರ. ನಾವಿಬ್ಬರೂ ಒಂದೇ ಸುರಂಗ ಕೊರೀತಿದ್ವಿ. ಒಂದಿನ ಚಾವಣಿಯಿಂದ ಕಲ್ಲು ಬಿತ್ತು ತಲೆಗೆ, ದೊಡ್ಡದೇನಲ್ಲ. ಎದ್ದ, ನಕ್ಕ. ಗಂಟೆ ಎಷ್ಟು ಅಂದ. ಹೇಳ್ದೆ. ಮತ್ತೆ ಕೇಳ್ದ. ಮತ್ತೆ ಹೇಳ್ದೆ. ಮೂರನೇ ಸಲ ಕೇಳ್ದಾಗ ನಂಗೆ ರೇಗಿಹೋಯ್ತು. 'ಗಂಟೆ ತಗೊಂಡು ಏನ್ಮಾಡ್ತೀಯೋ, ಬಂಡಿ ತುಂಬಿಸು' ಅಂತ ಬೈದೆ. ಪಾಪ, ತುಂಬಿಸ್ದ. ಮನೆಗೆ ಹೋಗಿ ಮಲಗ್ದ. ಬೆಳಿಗ್ಗೆ ಅವನ ತಾಯಿ ಬಂದು ನಮ್ಮ ಬಾಗಿಲು ಬಡಿದ್ಲು."

ಕುಲುಮೆಯೊಳಗೆ ಬೆಂಕಿ ಗೊರಗುಟ್ಟುತ್ತಿತ್ತು.

"ಅವತ್ತಿಗೇ ಗಣಿ ಬಿಟ್ಟೆ. ಇದನ್ನ ಯಾರಿಗೂ ಹೇಳಿಲ್ಲ. ನೀನು ಮೂರನೇ ಸಲ ಕೇಳ್ದಾಗ ನನ್ನ ಮೈಯೆಲ್ಲ ತಣ್ಣಗಾಯ್ತು. ನೀನು ನನಗೆ ಥ್ಯಾಂಕ್ಸ್ ಹೇಳೋಕೆ ಬಂದಿದ್ರೆ ಬೇಡ. ನೀನು ಬದುಕಿದ್ಯಲ್ಲ, ಅದಕ್ಕೆ ನಾನೇ ನಿನಗೆ ಹೇಳ್ಬೇಕು. ಹಬ್ಬದ ದಿನದಿಂದ ನಾನು ಚೆನ್ನಾಗಿ ನಿದ್ದೆ ಮಾಡ್ತಿದ್ದೀನಿ."

ನಾನು ಸಲಿಕೆ ಎತ್ತಿಕೊಂಡೆ. "ಕೊಡು ಇಲ್ಲಿ. ತಲೆಗೆ ಭಾರ ಆಗತ್ತೆ" ಎಂದು ಅವನು ಕಿತ್ತುಕೊಂಡ.

ಮುಂದೆ ನಾನು ಎಂದೂ ಫುಟ್‌ಬಾಲ್ ಆಡಲಿಲ್ಲ. ಡಾಕ್ಟ್ರಮ್ಮ ಆಣೆ ಹಾಕಿಸಿಕೊಂಡಿದ್ದರು. ಅವರ ಮನೆಗೆ ಅಪ್ಪ ಬದುಕಿರುವವರೆಗೂ ಪ್ರತಿ ವರ್ಷ ಹಬ್ಬಕ್ಕೆ ಕೊಬ್ಬಿದ ಬಾತುಕೋಳಿಯೊಂದನ್ನು ತಾನೇ ಕೊಂಡುಹೋಗಿ ಕೊಡುತ್ತಿದ್ದ. ನಾಡಿ ನೋಡಲೂ ಅವರನ್ನು ಬಿಟ್ಟು ಬೇರೆಯವರಿಗೆ ಕೈ ಕೊಡಲಿಲ್ಲ. ಗೋಮರ್ ಆ ಜೂನ್‌ನಲ್ಲಿ ಪದವಿ ಮುಗಿಸಿ, ಗಣಿಯ ಕಡೆಯೇ ಶಾಲೆಯೊಂದರಲ್ಲಿ ಪಾಠ ಹೇಳಿ, ಕೆಲವು ವರ್ಷಗಳ ನಂತರ ಗಣಿಗಳ ತಪಾಸಣೆಯ ಅಧಿಕಾರಿಯಾದ. ಚಾವಣಿ ಸರಿಯಿಲ್ಲದ ಸುರಂಗಗಳನ್ನು ಮುಲಾಜಿಲ್ಲದೆ ಮುಚ್ಚಿಸುತ್ತಾನೆಂದು ಒಡೆಯರು ಅವನನ್ನು ಬೈಯುತ್ತಿದ್ದರು. ನನ್ನ ಮದುವೆಗೆ ಬಂದು ವೆಲ್ಷ್ ಹಾಡು ಹೇಳಿ, ನಮ್ಮ ಸ್ವೀಡನ್ನಿನ ಅಜ್ಜಿಯರನ್ನೆಲ್ಲ ಅಳಿಸಿಬಿಟ್ಟ.

ನನಗೀಗ ಎಪ್ಪತ್ತೊಂದು. ನಾಲ್ಕು ಮಕ್ಕಳು, ಒಂಬತ್ತು ಮೊಮ್ಮಕ್ಕಳು. ಹಬ್ಬದ ದಿನ ಮೇಜಿನ ಸುತ್ತ ಕೂತು, ಊಟಕ್ಕೆ ಮೊದಲು, ಯಾರ್ಯಾರಿಗೆ ಋಣಿಗಳೆಂದು ಒಬ್ಬೊಬ್ಬರೇ ಹೇಳುವುದು ನಮ್ಮ ಮನೆಯ ಪದ್ಧತಿ. ನನ್ನ ಸರದಿ ಬಂದಾಗ ಪಟ್ಟಿ ಉದ್ದವಾಗುತ್ತದೆ. ಕಳೆದ ವರ್ಷ ಹುಲ್ಡಕ್ಕನ ಹೆಸರು ಹೇಳಿ, ಆ ಏಳು ಶನಿವಾರದ ಕಥೆಯನ್ನು ಮಕ್ಕಳಿಗೆ ಮೊದಲಿನಿಂದ ಶುರುಮಾಡಿದ್ದೆ. ಎಪ್ಪತ್ತೆರಡರ ಹುಲ್ಡಕ್ಕ ಮೇಜಿನ ಆ ತುದಿಯಿಂದ ಕೂಗಿದಳು:

"ಸಾಕು ಸುಮ್ನಿರೋ ಆಕ್ಸೆಲ್! ಸಾರು ಆರಿ ತಣ್ಣಗಾಯ್ತು. ಮಕ್ಕಳಿಗೆ ಹಸಿವಾಗಿದೆ."

ಎಲ್ಲರೂ ನಕ್ಕರು. ನಾನು ಕೂತು, ಬಟ್ಟಲನ್ನು ಮೊದಲು ಅವಳ ಕಡೆ ದಾಟಿಸಿದೆ.